ಮದುವೆಯಿಲ್ಲದ ಮುಯ್ಯಿ

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೇರೆ ಹೆಂಗಸರ ಸಹವಾಸವಿಲ್ಲ. ಇದ್ದಿದ್ದರೆ ಹನೂರಿನ ತವರಿಗೆ ಹೋಗಿ ಅಳುವುದಕ್ಕೆ ನನಗೊಂದು ಮರ್ಯಾದಸ್ಥ ಕಾರಣವಾದರೂ ಸಿಗುತ್ತಿತ್ತು. ನನ್ನ ಗಂಡನಿಗೆ ಇದ್ದದ್ದು ಉದಯಕುಮಾರ. ಹುಟ್ಟಿನಿಂದ ಎರಡು ಕಾಲಿಗೂ ಎಡಗೈಗೂ ಸ್ವಾಧೀನವಿಲ್ಲದ, ಮಾತು ತೊದಲುವ ಗೆಳೆಯ. ಅಂಥವನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸೂ ಉಂಟೇ ಎಂದು ಯಾರಾದರೂ ಕೇಳಿದರೆ, ಉಂಟು. ಹೆಸರು ಪವಿತ್ರ, ಧನಗೆರೆಯಲ್ಲಿ ಮನೆ, ರವಿಕೆ ಹೊಲಿಯುತ್ತೇನೆ.

ನನ್ನ ಗಂಡ ಶಾಂತಮೂರ್ತಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಓಡಿಸುತ್ತಾರೆ. ಉದಯಕುಮಾರನ ಮನೆ ನಮ್ಮ ಬೀದಿಯಲ್ಲೇ, ಮೂರು ಮನೆ ಆಚೆ. ಅವನ ತಂದೆ ಬೇಗ ತೀರಿಕೊಂಡರು. ತಾಯಿ ಪುಟ್ಟಮಲ್ಲಮ್ಮ ಒಬ್ಬರೇ ಸಾಕಿದರು. ಆರು ವರ್ಷಕ್ಕೆ ಶಾಲೆಗೆ ಸೇರಿಸಬೇಕಾದಾಗ ಎತ್ತಿಕೊಂಡು ಹೋಗುವವರು ಯಾರು ಎಂಬ ಮಾತು ಬಂತಂತೆ. ಅಷ್ಟೇ ವಯಸ್ಸಿನ ನನ್ನ ಗಂಡ ಬೆನ್ನು ಬಗ್ಗಿಸಿ ನಿಂತರಂತೆ. ಅಂದು ಬಗ್ಗಿದ ಬೆನ್ನು ಆಮೇಲೆ ನೆಟ್ಟಗಾಗಲೇ ಇಲ್ಲ. ಪ್ರೈಮರಿ, ಹೈಸ್ಕೂಲು, ಕೊಳ್ಳೇಗಾಲದ ಕಾಲೇಜು, ಎಲ್ಲಕ್ಕೂ ಇವರ ಬೆನ್ನೇ ವಾಹನ. ಪಿಯುಸಿಯಲ್ಲಿ ಇವರು ಫೇಲಾದರು. ಆದರೂ ಇನ್ನೂ ಮೂರು ವರ್ಷ ದಿನವೂ ಕಾಲೇಜಿಗೆ ಹೋದರು, ವರಾಂಡದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂರುವುದಕ್ಕೆ. ಡಿಗ್ರಿ ಅವನಿಗೆ ಸಿಕ್ಕಿತು, ಬೆನ್ನುನೋವು ಇವರಿಗೆ.

ಹೆಣ್ಣು ನೋಡಲು ಬಂದಾಗ ಇದನ್ನೆಲ್ಲ ಮುಚ್ಚಿಡಲಿಲ್ಲ, ಆ ಮಾತು ಬೇರೆ. ಅವನನ್ನು ಆಟೋದಲ್ಲಿ ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿ, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ನಾನು ಇವನ ಕೆಲಸ ಮಾಡಬೇಕು, ಒಪ್ಪಿಗೆಯಾದರೆ ಮುಂದಿನ ಮಾತು ಎಂದು ನನ್ನಪ್ಪನಿಗೆ ಹೇಳಿದರು. ಬಾಗಿಲ ಹಿಂದೆ ನಿಂತಿದ್ದ ನಾನು ಎಂಥ ಮನುಷ್ಯನಪ್ಪ, ಗೆಳೆಯನಿಗೇ ಇಷ್ಟು ಮಾಡುವವನು ಹೆಂಡತಿಗೆ ಎಷ್ಟು ಮಾಡಿಯಾನು ಎಂದು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಇವರು ಫೇಲಾದವರು ಎಂದಿದ್ದರು, ಫೇಲಾದದ್ದು ನಾನು.

ಬೆಳಿಗ್ಗೆ ಆರಕ್ಕೆ ಇವರು ಎದ್ದು ಹೋಗುತ್ತಿದ್ದರು. ಅವನನ್ನು ಹಾಸಿಗೆಯಿಂದ ಎತ್ತಿ, ಪಾಯಿಖಾನೆ, ಸ್ನಾನ, ಗಡ್ಡ, ಅಂಗಿ, ಎಲ್ಲ ಮುಗಿಸಿ ಗಾಲಿಕುರ್ಚಿಗೆ ಕೂರಿಸಿ ಬರುವ ಹೊತ್ತಿಗೆ ನಾನಿಟ್ಟ ಕಾಫಿ ಕೆನೆಗಟ್ಟಿರುತ್ತಿತ್ತು. ಸಂಜೆ ಮತ್ತೆ ಅದೇ. ಅದಕ್ಕೂ ನಾನು ಬೇಸರಪಡಲಿಲ್ಲ, ಬೇಸರಪಟ್ಟದ್ದು ನಗೆಗೆ. ನನ್ನ ಜೊತೆ ದಿನಕ್ಕೆ ಹತ್ತು ಮಾತಾಡುವ ಮನುಷ್ಯ ಅಲ್ಲಿ ನಕ್ಕರೆ ಮೂರು ಮನೆ ದಾಟಿ ನನ್ನ ಹೊಲಿಗೆ ಮಿಷಿನ್ನಿನ ಸದ್ದನ್ನೂ ಮುಚ್ಚಿಕೊಂಡು ಕೇಳಿಸುತ್ತಿತ್ತು. ನಾನು ಹೋದರೆ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಉದಯನ ತೊದಲು ಮಾತು ಮೊದಲ ವರ್ಷ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆಗ ಇವರು ಜೋಕನ್ನು ಬಿಡಿಸಿ ಹೇಳುವರು. ಬಿಡಿಸಿ ಹೇಳಿದ ಜೋಕು ಎರಡನೇ ಸಲ ಬಿಸಿ ಮಾಡಿದ ಉಪ್ಪಿಟ್ಟಿನ ಹಾಗೆ, ಹೊಟ್ಟೆಗೆ ಹೋಗುತ್ತದೆ, ರುಚಿ ಇರುವುದಿಲ್ಲ.

ನಮಗೆ ಮಗಳು ಹುಟ್ಟಿದಾಗ ನಾನೊಂದು ಹೆಸರು ಯೋಚಿಸಿದ್ದೆ. ನಾಮಕರಣದ ದಿನ ಇವರು ಮಗುವಿನ ಕಿವಿಯಲ್ಲಿ ದಿವ್ಯ ಎಂದರು. ಯಾಕೆ ಎಂದರೆ ಉದಯ ಹೇಳಿದ ಎಂದರು. ನನ್ನ ಹೊಲಿಗೆ ಮಿಷಿನ್ನಿಗೆ ಮೋಟರು ಕೂರಿಸಿದರು, ಅದೂ ಉದಯ ಹೇಳಿದ್ದಕ್ಕೆ, ಪವಿತ್ರನ ಕಾಲು ನೋಯುತ್ತದೆ ಎಂದು ಅವನಿಗೆ ತೋಚಿತಂತೆ. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಸವತಿ ಕೆಟ್ಟವಳಾದರೆ ಊರೆಲ್ಲ ನಮ್ಮ ಕಡೆ ಇರುತ್ತದೆ, ಒಳ್ಳೆಯವಳಾದರೆ ನಾವು ಒಂಟಿ.

ಇಂಥ ಉದಯಕುಮಾರನಿಗೆ ಸ್ಕಾಟ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಎರಡು ವರ್ಷದ ಓದು. ರಸ್ತೆ, ಬಸ್ಸು, ಕಚೇರಿಗಳನ್ನು ಗಾಲಿಕುರ್ಚಿಯವರೂ ಓಡಾಡುವ ಹಾಗೆ ಕಟ್ಟುವುದು ಹೇಗೆ ಎಂಬ ವಿದ್ಯೆ. ಹಿಂದೊಮ್ಮೆ ಅಂಗವಿಕಲರ ಸರ್ಟಿಫಿಕೇಟು ಕೊಡುವ ಕಚೇರಿಯೇ ಎರಡನೇ ಮಹಡಿಯಲ್ಲಿದ್ದು, ಲಿಫ್ಟಿಲ್ಲದೆ, ಇವರು ಅವನನ್ನು ಹೊತ್ತು ನಾಲ್ಕು ಸಲ ಹತ್ತಿ ಇಳಿದಿದ್ದರು. ನಾಲ್ಕನೇ ಸಲ ಇಳಿಯುವಾಗಲೇ ಇದನ್ನೇ ಓದಬೇಕು ಅಂದುಕೊಂಡೆ ಎಂದು ಅವನು ಹೇಳುತ್ತಿದ್ದ. ಅಂಚೆಯಲ್ಲಿ ಎಂಎ ಕಟ್ಟಿ ಪಾಸು ಮಾಡಿ, ವರ್ಷವೆಲ್ಲ ಅರ್ಜಿ ಬರೆದ. ಫೀಸಿಗೂ ರೂಮಿಗೂ ಸ್ಕಾಲರ್‌ಶಿಪ್ ಬಂತು.

ಆ ಸುದ್ದಿ ಬಂದ ದಿನ ಧನಗೆರೆಯಲ್ಲಿ ನನ್ನಷ್ಟು ಸಂತೋಷಪಟ್ಟವರು ಇಲ್ಲ. ಕಜ್ಜಾಯ ಸುಟ್ಟು ಬೀದಿಗೆಲ್ಲ ಹಂಚಿದೆ. ಗೆಳೆಯನ ಹೆಂಡತಿಗೆ ಎಷ್ಟು ಪ್ರೀತಿ ನೋಡಿ ಎಂದು ಜನ ಹೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡರು.

ಏರ್‌ಪೋರ್ಟಿಗೆ ಬಿಟ್ಟು ಬಂದ ಮಾರನೇ ಬೆಳಿಗ್ಗೆ ಇವರು ಆರಕ್ಕೇ ಎದ್ದು, ಎಲ್ಲಿಗೂ ಹೋಗಲು ತೋಚದೆ ಜಗಲಿಯ ಮೇಲೆ ಕೂತರು. ನಾನು ಕಾಫಿ ಕೊಟ್ಟೆ. ಮದುವೆಯಾಗಿ ಆರು ವರ್ಷಕ್ಕೆ ನನ್ನ ಗಂಡ ಬಿಸಿ ಕಾಫಿ ಕುಡಿದರು. ಗೆದ್ದೆ ಅಂದುಕೊಂಡೆ.

ಎಲ್ಲಿಯ ಗೆಲುವು. ಸಂಜೆಯಾದರೆ ವಿಡಿಯೋ ಕಾಲು. ಅಲ್ಲಿ ಉದಯನನ್ನು ನೋಡಿಕೊಳ್ಳಲು ಒಬ್ಬಳು ಸಹಾಯಕಿ ಇದ್ದಳು, ಮೊರಾಗ್ ಎಂದು ಹೆಸರು. ಐವತ್ತು ದಾಟಿದ, ಅಗಲ ಭುಜದ, ನೀಲಿ ಅಂಗಿಯ ಹೆಂಗಸು. ಅವಳು ಅವನನ್ನು ಬೆನ್ನ ಮೇಲೆ ಹೊರುತ್ತಿರಲಿಲ್ಲ. ಕಾರ್ಖಾನೆ ಅಂಗಳದಲ್ಲಿ ಕಬ್ಬಿನ ಹೊರೆ ಎತ್ತುವಂಥದೇ ಒಂದು ಸಣ್ಣ ಯಂತ್ರ, ಅದರ ಪಟ್ಟಿಗೆ ಅವನನ್ನು ಕೂರಿಸಿ ಗುಂಡಿ ಒತ್ತಿದರೆ ಆಯಿತು. ಉದಯ ಮೈ ತುಂಬಿಕೊಂಡಿದ್ದ, ಮುಖ ಕಳೆಕಳೆಯಾಗಿತ್ತು. ಮೊರಾಗ್ ಸ್ನಾನ ಮಾಡಿಸುವಾಗ ಒಂದು ಮಾತೂ ಆಡುವುದಿಲ್ಲ, ಅದೇ ಎಷ್ಟೋ ಹಿತ ಎಂದು ಒಂದು ದಿನ ಹೇಳಿಬಿಟ್ಟ. ಇವರು ಇಪ್ಪತ್ತೈದು ವರ್ಷ ಸ್ನಾನ ಮಾಡಿಸುವಾಗ ಮಾತಾಡಿದವರು.

ಫೋನು ಕೆಳಗಿಟ್ಟಾಗ ಇವರ ಮುಖ ನೋಡಬೇಕಿತ್ತು. ಎಲ್ಲೋ ನೋಡಿದ ಮುಖ ಅನ್ನಿಸಿತು. ಆರು ವರ್ಷ ನನ್ನ ಕನ್ನಡಿಯಲ್ಲಿ ಇದ್ದ ಮುಖವೇ ಅದು. ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಉರಿಯಲಿ ಸ್ವಲ್ಪ, ಹೊಟ್ಟೆಯುರಿ ಎಂದರೇನೆಂದು ಗೊತ್ತಾಗಲಿ ಎಂದು ಒಳಗೊಳಗೇ ಕುಣಿದೆ. ದಿನಾ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ, ಮೊರಾಗ್ ಚೆನ್ನಾಗಿದ್ದಾಳಾ ಎಂದು ಜೇನಿನಂಥ ದನಿಯಲ್ಲಿ ಕೇಳುತ್ತಿದ್ದೆ. ಇವರು ತಟ್ಟೆ ಎಳೆದುಕೊಳ್ಳುತ್ತಿದ್ದರು.

ಹೀಗೆ ಒಂದು ವರ್ಷ ನಡೆಯಿತು. ಜೂನಿನಲ್ಲಿ ಉದಯ ಫೋನು ಮಾಡಿ ಹೇಳಿದ. ಮೊರಾಗ್‌ಳ ಸಂಬಳ ಕೊಡುತ್ತಿದ್ದದ್ದು ಅಲ್ಲಿನ ಒಂದು ಟ್ರಸ್ಟು, ಅವರ ಕೈಲಾಗುವುದು ಒಂದೇ ವರ್ಷ. ಎರಡನೇ ವರ್ಷಕ್ಕೆ ಅರ್ಧ ಅಲ್ಲೇ ಹೇಗೋ ಹೊಂದುತ್ತದೆ. ಮಿಕ್ಕ ಆರು ಲಕ್ಷ ಜುಲೈ ಕೊನೆಯೊಳಗೆ ಸಿಗದಿದ್ದರೆ ಓದು ಅರ್ಧಕ್ಕೆ ಬಿಟ್ಟು ಊರಿಗೆ ಬರಬೇಕು. ಪುಟ್ಟಮಲ್ಲಮ್ಮ ಕೇಳಿಸಿಕೊಂಡು ಗೋಡೆಗೆ ಒರಗಿದರು. ನನ್ನ ಗಂಡ ಮಾತ್ರ ಬೇಗ ಮುಖ ತಿರುಗಿಸಿದರು. ನಾನು ಕಂಡೆ. ಅದು ಸಂತೋಷ.

"ಬರ್ಲಿ ಬುಡು," ಎಂದರು. "ನಾನಿಲ್ವಾ ಇಲ್ಲಿ?"

ಮಾರನೇ ದಿನ ಕುಂತೂರಿಗೆ ಲೋಡು ಹಾಕದೆ ಉದಯನ ಬಚ್ಚಲ ಕಲ್ಲು ಸರಿಮಾಡಿದರು. ಹೊಸ ಟವೆಲು ತಂದರು. ಸೀಟಿ ಹೊಡೆಯುತ್ತಿದ್ದರು, ನನ್ನ ಗಂಡ ಸೀಟಿ ಹೊಡೆಯುತ್ತಾರೆಂದೇ ನನಗೆ ಗೊತ್ತಿರಲಿಲ್ಲ. ಆ ಸೀಟಿ ಕೇಳುತ್ತಾ ನಿಂತ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದೆ, ಈ ಆರು ಲಕ್ಷವನ್ನು ನಾನು ಎತ್ತುತ್ತೇನೆ ಎಂದು. ಓದಲಿ ಎಂದಲ್ಲ. ಬರದಿರಲಿ ಎಂದು. ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಊರವರ ಬಾಯಲ್ಲಿ ಒಳ್ಳೆಯವಳೂ ಆಗಬೇಕು.

ಹತ್ತು ದಿನ ಓಡಾಡಿದೆ. ಕೊಳ್ಳೇಗಾಲದ ಸೀರೆ ಅಂಗಡಿಗಳು, ಕುಂತೂರಿನ ಕಬ್ಬಿನ ಗೌಡರು, ಹನೂರಿನಲ್ಲಿ ನನ್ನಪ್ಪನ ಸ್ನೇಹಿತರು. ಎಲ್ಲರೂ ಕಾಫಿ ಕೊಟ್ಟರು. ನೂರು, ಐನೂರು ಕೊಟ್ಟರು. ಅಂಗವಿಕಲ ಅಂದರೆ ಸರ್ಕಾರ ಕೊಡುವುದಿಲ್ಲವೇ ಎಂದು ಒಬ್ಬರು, ಫಾರಿನ್ನಿನಲ್ಲಿ ಇರುವವನು ನಮಗೆ ಕಳಿಸಬೇಕೋ ನಾವು ಅವನಿಗೆ ಕಳಿಸಬೇಕೋ ಎಂದು ಇನ್ನೊಬ್ಬರು. ಹತ್ತು ದಿನಕ್ಕೆ ಸಿಕ್ಕಿದ್ದು ಅವನ ಗಾಲಿಕುರ್ಚಿಯ ಒಂದು ಗಾಲಿಗೂ ಸಾಲದು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

ಅಂದು ಸಂಜೆ ಪುಟ್ಟಮಲ್ಲಮ್ಮನ ಮನೆಯಲ್ಲಿ ಸೋತು ಕೂತಿದ್ದೆ. ಅವರು ಅಕ್ಕಿ ಆರಿಸುತ್ತಾ, ನನಗೆ ಹೇಳುವುದಕ್ಕೋ ತಮಗೇ ಹೇಳಿಕೊಳ್ಳುವುದಕ್ಕೋ, ಒಂದು ಮಾತು ಅಂದರು.

"ಮೂವತ್ತು ವರ್ಸದಿಂದ ಊರೋರ ಚಪ್ರಕ್ಕೆಲ್ಲ ಮುಯ್ಯಿ ಆಕಿವ್ನಿ ಕಣವ್ವ. ನನ್ ಮನೆ ಮುಂದ್ಕೆ ಒಂದು ಚಪ್ರ ಏಳ್ನಿಲ್ಲ."

ನಮ್ಮ ಕಡೆ ಮುಯ್ಯಿ ಎಂದರೆ ಏನೆಂದು ಹೇಳಬೇಕು. ಮದುವೆ, ಗೃಹಪ್ರವೇಶ, ನಾಮಕರಣ, ಯಾವುದಕ್ಕೆ ಹೋದರೂ ಹಸೆಮಣೆಯ ಮೇಲೆ ಕೂತವರ ಕೈಗೆ ದುಡ್ಡು ಹಾಕುತ್ತೇವೆ. ಹೆಸರು ಬರೆಸಿ, ಮೈಕಿನಲ್ಲಿ ಕೂಗಿಸುತ್ತೇವೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಬಂದು ತಿರುಗಿಸುತ್ತಾರೆ. ಅದು ಸಾಲವಲ್ಲ, ಬಾಯಿಬಿಟ್ಟು ಕೇಳುವ ಹಾಗಿಲ್ಲ. ಆದರೆ ಚಪ್ಪರ ಹಾಕಿ ಕರೆದರೆ ಬರದೆ ಇರುವ ಹಾಗೂ ಇಲ್ಲ. ಪುಟ್ಟಮಲ್ಲಮ್ಮ ಕೂಲಿ ಮಾಡಿದ ದುಡ್ಡಿನಲ್ಲೂ ಯಾರ ಮದುವೆಯನ್ನೂ ತಪ್ಪಿಸಿರಲಿಲ್ಲ. ಗಂಡು ಮಗನಿರುವ ಮನೆ, ನಾಳೆ ಬೇಕಾಗುತ್ತದೆ ಎಂದು. ಆ ಮಗನಿಗೆ ಮದುವೆಯಾಗಲಿಲ್ಲ, ಹೊಸ ಮನೆ ಕಟ್ಟಲಿಲ್ಲ. ಹಾಕಿದ್ದೆಲ್ಲ ಊರಿನಲ್ಲೇ ಉಳಿಯಿತು.

ಹಾಗಾದರೆ ಈಗ ಚಪ್ಪರ ಹಾಕೋಣ ಎಂದೆ ನಾನು.

ನಮ್ಮೂರಲ್ಲಿ ಮುಯ್ಯಿ ಬರೆಯುವವರು ನಂಜಯ್ಯ. ಎಪ್ಪತ್ತು ವರ್ಷದ ಹಿರಿಯರು, ಕಾರ್ಯದ ರೀತಿ ರಿವಾಜು ಅವರು ಹೇಳಿದ್ದೇ ಕೊನೆ. ಅವರು ಮೂರು ತಕರಾರು ತೆಗೆದರು. ಮದುವೆಯಿಲ್ಲದೆ ಮುಯ್ಯಿ ಹೇಗೆ, ಆಷಾಢದಲ್ಲಿ ಕಾರ್ಯ ಹೇಗೆ, ಗಂಡು ಊರಲ್ಲೇ ಇಲ್ಲದಿರುವಾಗ ಹಸೆಯ ಮೇಲೆ ಕೂರುವವರು ಯಾರು. ಆಷಾಢವೇ ಒಳ್ಳೆಯದು, ಬೇರೆ ಮದುವೆಗಳಿಲ್ಲ, ಜನರ ಕೈಯಲ್ಲಿ ಮುಯ್ಯಿ ದುಡ್ಡು ಖಾಲಿಯಾಗಿರುವುದಿಲ್ಲ ಎಂದೆ. ನಂಜಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು. ಓದೂ ಒಂದು ಕಾರ್ಯವೇ. ಬಿಳಿಯರ ಯೂನಿವರ್ಸಿಟಿಗೆ ಆಷಾಢವಿಲ್ಲ. ಆದರೆ ಮೂರನೆಯದಕ್ಕೆ ಜಗ್ಗಲಿಲ್ಲ.

"ಕಾಲಿ ಮಣೆಗೆ ಮುಯ್ಯಿ ಆಕಕ್ಕಾಯ್ತದಾ? ಈಸ್ಕಳೋ ಕೈ ಬೇಕು. ಅವ್ನ ಬೆನ್ ಮೇಲೆ ಒತ್ತೋನು ಯಾರು, ಅವ್ನೇ ಕೂತ್ಕಳ್ಲಿ."

ತಾಯಿ ಕೂರಲಿ ಎಂದರೆ, ಗಂಡ ಸತ್ತವಳು ಹಸೆಗೆ ಬರುವ ಹಾಗಿಲ್ಲವಂತೆ. ನನಗೆ ಸಿಟ್ಟು ಬಂತು, ಆದರೆ ಆ ಜಗಳಕ್ಕೆ ಅದು ಹೊತ್ತಾಗಿರಲಿಲ್ಲ. ನನ್ನ ಗಂಡನನ್ನು ಕೂರಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ. ಇವರಿಗೆ ಹೇಳಿಯೇ ಇರಲಿಲ್ಲ.

ನಾನು ಹೇಳುವ ಮೊದಲೇ ಊರು ಹೇಳಿತು. ಮುಯ್ಯಿ ಎಂದರೆ ನಮ್ಮವರ ತಲೆಗೆ ಬರುವುದು ಮದುವೆ ಒಂದೇ. ಪುಟ್ಟಮಲ್ಲಮ್ಮನ ಮನೆ ಮುಂದೆ ಚಪ್ಪರ ಏಳುತ್ತದೆ, ಉದಯಕುಮಾರ ಅಲ್ಲೇ ಯಾರನ್ನೋ ಕಟ್ಟಿಕೊಂಡಿದ್ದಾನೆ, ಬಿಳಿಯವಳಂತೆ, ಸ್ನಾನ ಮಾಡಿಸಲು ಬಂದವಳೇ ಅಂತೆ. ಆಷಾಢದಲ್ಲಿ ಯಾರಾದರೂ ಮದುವೆ ಮಾಡುತ್ತಾರಾ ಎಂದರೆ, ಅವರಿಗೆಲ್ಲಿಯ ಆಷಾಢ ಎಂದು ಉತ್ತರ. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಡ್ರೈವರುಗಳು ಇವರನ್ನು ಹಿಡಿದು, ನಿನ್ನ ಕೆಲಸ ಹೋಯಿತು ಕಣ್ಲಾ ಶಾಂತ, ಹೆಂಡತಿ ಬಂದಳಂತೆ ಎಂದು ರೇಗಿಸಿದರು. ಇವರು ಸಾಲಿನಿಂದ ಟ್ರ್ಯಾಕ್ಟರು ತೆಗೆದು, ಲೋಡಿನ ಸಮೇತ ಊರಿಗೆ ವಾಪಸು ಬಂದರು. ಹೊರೆ ಕಬ್ಬು ಹೊತ್ತ ಟ್ರ್ಯಾಕ್ಟರು ಕಾರ್ಖಾನೆಯಿಂದ ಊರಿಗೆ ಬಂದದ್ದನ್ನು ನಾನು ಮೊದಲ ಸಲ ನೋಡಿದೆ.

ಉದಯನಿಗೆ ಫೋನು ಹಚ್ಚಿದೆವು. ಅವನು ಕೇಳಿ ನಕ್ಕು ನಕ್ಕು ಕುರ್ಚಿಯಿಂದ ಜಾರುವುದರಲ್ಲಿದ್ದ. ಮೊರಾಗ್‌ಗೆ ಮೊಮ್ಮಕ್ಕಳಿದ್ದಾರೆ ಎಂದ. ಆಮೇಲೆ, ಯಾರಿಗೂ ತೊಂದರೆ ಬೇಡ, ದುಡ್ಡು ಆಗದಿದ್ದರೆ ಬಂದುಬಿಡುತ್ತೇನೆ ಎಂದ. ಮದುವೆಯ ಸುದ್ದಿ ಸುಳ್ಳೆಂದು ಗೊತ್ತಾದ ಮೇಲೆ ಇವರು ಹಸೆಗೆ ಒಪ್ಪುತ್ತಾರೆ ಅಂದುಕೊಂಡೆ. ಇವರು ಕೂರುವುದಿಲ್ಲ ಎಂದರು. ಯಾಕೆ ಎಂದರೆ ಬೆನ್ನುನೋವು ಎಂದರು. ಬೆನ್ನುನೋವಿಗೂ ಹಸೆಗೂ ಏನು ಸಂಬಂಧ ಎಂದೆ. ಆಗ ಇವರು ನನ್ನ ಮುಖ ನೋಡಿದರು.

"ಅವ್ನು ಬರ್ಬಾರ್ದು ಅಂತ ತಾನೆ ನೀನು ಈ ಪಾಟಿ ಒದ್ದಾಡ್ತಿರೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದಲ್ಲ. ಇಷ್ಟು ವರ್ಷ ನುಂಗಿದ್ದು ಸಾಕಾಗಿತ್ತು.

"ಊಂ, ಬರ್ಬಾರ್ದು," ಎಂದೆ. "ಅವ್ನು ಓದ್ಬಾರ್ದು ಅಂತ ತಾನೆ ನೀವು ಕೂತ್ಕಳಕಿಲ್ಲ ಅಂತಿರೋದು?"

ಇವರು ಕೂಗಾಡಲಿಲ್ಲ. ಟ್ರ್ಯಾಕ್ಟರ್ ಹತ್ತಿ ಹೋದರು. ಮೂರು ದಿನ ನಮ್ಮಿಬ್ಬರ ನಡುವೆ ದಿವ್ಯಳೇ ಅಂಚೆಯವಳು. ನಾನು ಹೇಳಿದ್ದು ಸುಳ್ಳಲ್ಲ, ಇವರು ಹೇಳಿದ್ದೂ ಸುಳ್ಳಲ್ಲ.

ಆ ಭಾನುವಾರ ಚಪ್ಪರ ಎದ್ದಿತು. ತೆಂಗಿನ ಗರಿ, ಬಾಳೆಕಂಬ, ಮಾವಿನ ಸೊಪ್ಪು. ಪುಟ್ಟಮಲ್ಲಮ್ಮ ಮೂವತ್ತು ವರ್ಷ ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದರು. ನಾವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಜನ ಬಂದರು. ಯಳಂದೂರಿಂದ, ಹನೂರಿಂದ, ಪುಟ್ಟಮಲ್ಲಮ್ಮನ ಮುಯ್ಯಿ ಯಾವತ್ತೋ ತಲುಪಿದ್ದ ಊರುಗಳಿಂದ. ಬಿಳಿ ಸೊಸೆಯನ್ನು ನೋಡಲು ಬಂದವರೂ ಇದ್ದರು, ಒಬ್ಬ ಅಜ್ಜಿಯಂತೂ ಕೋಣೆ ಕೋಣೆ ಹುಡುಕಿ, ಬಚ್ಚಿಟ್ಟಿದ್ದೀರಿ ಎಂದು ಬೈದು ಊಟಕ್ಕೆ ಕೂತಳು. ಅನ್ನ, ಹುಳಿ, ಪಲ್ಯ, ಪಾಯಸ. ಹಸೆಮಣೆಯ ಪಕ್ಕ ತಂಬಿಗೆಗೆ ಒರಗಿಸಿ ಫೋನು ಇಟ್ಟಿದ್ದೆವು. ಅದರಲ್ಲಿ ಉದಯ ಕೋಟು ಹಾಕಿಕೊಂಡು ಕೂತಿದ್ದ, ಅಲ್ಲಿ ಇನ್ನೂ ಬೆಳಗಿನ ಹೊತ್ತು.

ಊಟ ಮುಗಿಯಿತು. ನಂಜಯ್ಯ ಕನ್ನಡಕ ಹಾಕಿ, ಹೊಸ ಪುಸ್ತಕಕ್ಕೆ ಅರಿಶಿನ ಹಚ್ಚಿ ಕೂತರು. ಜನ ಕವರು ಹಿಡಿದು ಸಾಲು ನಿಂತರು. ಮಣೆ ಖಾಲಿ. ನನ್ನ ಗಂಡ ಬೆಳಿಗ್ಗೆಯಿಂದ ಕಂಡಿರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಅರ್ಧ ಗಂಟೆ ಕಳೆಯಿತು. ಹನೂರಿನ ಬಸ್ಸಿಗೆ ಹೊತ್ತಾಯಿತು ಎಂದು ಕೆಲವರು ಹೊರಡುವ ಮಾತಾಡಿದರು. ಒಬ್ಬರು ಕವರನ್ನು ಮತ್ತೆ ಜೇಬಿಗಿಟ್ಟರು. ಅದನ್ನು ಕಂಡು ಇನ್ನಿಬ್ಬರು ಇಟ್ಟರು. ಪುಟ್ಟಮಲ್ಲಮ್ಮ ಕಂಬ ಹಿಡಿದು ನಿಂತಿದ್ದರು, ಯಾರನ್ನೂ ತಡೆಯಲಿಲ್ಲ. ಆಯಿತು, ಬರುವ ತಿಂಗಳಿಂದ ಮತ್ತೆ ಬೆಳಗಾದರೆ ಆ ಮನೆ, ಮತ್ತೆ ಆ ನಗು ಅಂದುಕೊಂಡೆ.

ಆಗ ಇವರು ಬಂದರು. ತೋಟದ ಕಡೆಯಿಂದ, ಬಿಳಿ ಪಂಚೆ ಉಟ್ಟು, ತಲೆ ಒದ್ದೆ. ಯಾರ ಮುಖವನ್ನೂ ನೋಡದೆ ಫೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉದಯನನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ, "ಅವ್ನ ಓದ ನಿಲ್ಸಕ್ಕೆ ನನ್ ಕೈಲಾಗಕಿಲ್ಲ" ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಮತ್ತೆ ಉರಿಯೇ. ಅವನಿಗಾಗಿ ತನ್ನ ಸಂಕಟವನ್ನು ನುಂಗಿದರಲ್ಲ, ನನಗಾಗಿ ಯಾವತ್ತು ಏನು ನುಂಗಿದ್ದರು?

ಕೂರುವ ಮೊದಲು ಇವರು ನಂಜಯ್ಯನನ್ನು ಒಂದು ಮಾತು ಕೇಳಿದರು, ಪುಸ್ತಕದಲ್ಲಿ ಯಾರ ಹೆಸರು ಬರೆಯುತ್ತೀರಿ ಎಂದು.

"ಕೈ ಒಡ್ಡಿದೋನ ಎಸ್ರು," ಎಂದರು ನಂಜಯ್ಯ. "ಈಸ್ಕಂಡೋನೇ ತಿರುಗಿಸ್ಬೇಕು. ಎಂಡ್ತಿ ಇರೋನು ಒಬ್ನೇ ಕೂರಂಗಿಲ್ಲ, ಅವ್ಳೂ ಬರ್ಲಿ."

ಹುಟ್ಟಿದಾಗಿನಿಂದ ಮುಯ್ಯಿ ನೋಡಿದವಳು ನಾನು. ಇದು ಹೇಗೆ ನನ್ನ ತಲೆಗೆ ಹೊಳೆಯಲಿಲ್ಲವೋ ಕಾಣೆ. ಹಾಕಿದ ಮುಯ್ಯಿಗೆ ಯಾರೂ ಸಮ ತಿರುಗಿಸುವುದಿಲ್ಲ. ಮೇಲೆ ಒಂದಿಷ್ಟು ಸೇರಿಸಿಯೇ ಹಾಕುತ್ತಾರೆ. ಸಮ ಮಾಡಿದರೆ ಸಂಬಂಧ ತೀರಿತು ಎಂದು ಅರ್ಥ. ಆ ಮೇಲಿನದ್ದನ್ನು ಮತ್ತೆ ನಾವು ತಿರುಗಿಸಬೇಕು, ಅವರು ಮತ್ತೆ ನಮಗೆ. ಅಂದರೆ ಈ ಚಪ್ಪರದಲ್ಲಿ ನಿಂತವರ ಮನೆಯ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಸಾಯುವವರೆಗೆ ಹೋಗಬೇಕಾದವರು ನಾವಿಬ್ಬರು. ಉದಯ ಸ್ಕಾಟ್ಲೆಂಡಿನಲ್ಲಿ ಇರುತ್ತಾನೆ. ಅವನ ಮುಯ್ಯಿ ನನ್ನ ಮನೆಯಲ್ಲಿ ಇರುತ್ತದೆ. ಬೆನ್ನಿನಿಂದ ಇಳಿಸಬೇಕು ಎಂದು ನಾನು ಓಡಾಡಿದೆ, ಈಗ ಅವನನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ.

ಇವರು ನನ್ನನ್ನೇ ನೋಡುತ್ತಿದ್ದರು.

"ಕೂತ್ರೆ ಸಾಯೋಗಂಟ ತಿರುಗಿಸ್ಬೇಕು. ಕೂರ್ದಿದ್ರೆ ಅವ್ನು ಬತ್ತಾನೆ. ನೀನೇ ಯೋಳು."

ಮದುವೆಯಾದ ಮೇಲೆ ಇವರು ನನ್ನನ್ನು ಕೇಳಿ ತೀರ್ಮಾನ ಮಾಡಿದ ಮೊದಲ ವಿಷಯ ಅದು. ಅಷ್ಟರಲ್ಲಿ ಫೋನಿನಿಂದ ಉದಯನ ದನಿ ಬಂತು. ತೊದಲುತ್ತಾ, ಅವಸರದಲ್ಲಿ ಇನ್ನೂ ಹೆಚ್ಚು ತೊದಲುತ್ತಾ ಏನೋ ಅಂದ. ಏನಂತೆ, ಏನಂತೆ ಎಂದು ಜನ ಕೇಳಿದರು. ಅಲ್ಲಿ ಅದು ಅರ್ಥವಾದದ್ದು ಅವನ ತಾಯಿಗೆ, ನನ್ನ ಗಂಡನಿಗೆ, ನನಗೆ. ಪವಿತ್ರ, ಬೇಡ, ನೀನು ಹೊರಬೇಡ, ನಾನು ಬಂದುಬಿಡುತ್ತೇನೆ ಎನ್ನುತ್ತಿದ್ದ.

ಅದಕ್ಕೇ ಕೂತೆ. ನಾನು ಕೂತದ್ದಕ್ಕೆ ಜನ ಏನೇನೋ ಕಾರಣ ಕೊಡುತ್ತಾರೆ, ದೊಡ್ಡ ಮನಸ್ಸು, ಪತಿವ್ರತೆ, ಇನ್ನೂ ಏನೇನೋ. ನಿಜ ಇಷ್ಟೇ. ಓದನ್ನೂ ಬಿಟ್ಟುಕೊಟ್ಟು ಒಳ್ಳೆಯತನದಲ್ಲೂ ಅವನೇ ನನಗಿಂತ ಮೇಲಾಗುವುದನ್ನು ನನ್ನ ಕಣ್ಣಿನಿಂದ ನೋಡಲಾಗುತ್ತಿರಲಿಲ್ಲ. ಸೆರಗು ಹೊದ್ದು ಹೋಗಿ ನನ್ನ ಗಂಡನ ಎಡಕ್ಕೆ ಕೂತೆ. ಬರೀರಿ ಎಂದು ನಂಜಯ್ಯನಿಗೆ ಹೇಳಿದೆ. ಪುಟ್ಟಮಲ್ಲಮ್ಮ ನಮ್ಮಿಬ್ಬರ ಹಣೆಗೆ ವಿಭೂತಿ ಇಟ್ಟರು. ಜೇಬಿಗೆ ಹೋಗಿದ್ದ ಕವರುಗಳು ಹೊರಗೆ ಬಂದವು. ಸಂಜೆ ನಾಲ್ಕರವರೆಗೂ ಜನ ಹಾಕುತ್ತಲೇ ಇದ್ದರು. ಮದುವೆಯೇ ಆಗದ ಮನೆ, ಇನ್ನು ಯಾವಾಗ ತಿರುಗಿಸುವುದು ಎಂದು ಎಷ್ಟೋ ಜನಕ್ಕೆ ಮನಸ್ಸಿನಲ್ಲಿ ಚುಚ್ಚುತ್ತಿತ್ತಂತೆ, ಕೈ ಬಿಚ್ಚಿ ಹಾಕಿದರು. ಬಿಳಿ ಸೊಸೆಯನ್ನು ಹುಡುಕಿದ ಅಜ್ಜಿಯೂ ಹಾಕಿದಳು, ಬೈಯುತ್ತಲೇ. ಮೊರಾಗ್‌ಳ ಸಂಬಳಕ್ಕೆ ಬೇಕಿದ್ದ ಆರು ಲಕ್ಷ ಆಯಿತು, ಬಾಳೆಲೆಯ ಖರ್ಚೂ ಹುಟ್ಟಿತು.

ಶ್ರಾವಣ ಬಂದದ್ದೇ ತಡ, ಕರೆಯೋಲೆಗಳು ಶುರುವಾದವು. ಮೊದಲನೆಯದು ಯಳಂದೂರಿನ ಒಂದು ಮದುವೆ. ಉದಯನಿಗೆ ಆ ಆರು ಲಕ್ಷ ಕಳಿಸಿ ಎರಡು ವಾರವಾಗಿತ್ತು. ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಇವರು ನನ್ನ ಪಕ್ಕ ಕೂತಿದ್ದರು, ಮಾತಾಡಿದ್ದು ಮಾತ್ರ ಉದಯನ ಪರೀಕ್ಷೆಯ ವಿಷಯ. ನಾನು ಕಿಟಕಿಯ ಹೊರಗೆ ನೋಡುತ್ತಾ ಊಂ ಎಂದೆ. ಛತ್ರದಲ್ಲಿ ಇವರೇ ಹೋಗಿ ಮುಯ್ಯಿ ಹಾಕಿ ಹೆಸರು ಬರೆಸಿ ಬಂದರು. ಊಟಕ್ಕೆ ಎಲೆ ಹಾಕಿದ್ದರು, ಪಾಯಸ ಬಡಿಸುತ್ತಿದ್ದರು, ಆಗ ಮೈಕಿನಲ್ಲಿ ಕೂಗಿದರು: ಧನಗೆರೆ ಉದಯಕುಮಾರ್, ಶಾಂತಮೂರ್ತಿ ಮತ್ತು ಶ್ರೀಮತಿ.

ನಾನು ಎಲೆ ಬಿಟ್ಟು ಎದ್ದೆ. ಇವರು ಸೆರಗು ಹಿಡಿದರು, ಬಿಡಿಸಿಕೊಂಡೆ. ನೂರಾರು ಜನರ ನಡುವೆ ನಡೆದು ಹೋಗಿ ಮೈಕು ಹಿಡಿದವನ ಮುಂದೆ ನಿಂತೆ.

"ಇನ್ನೊಂದ್ಸಲ ಓದಿ ಸಾ," ಎಂದೆ. "ಶಾಂತಮೂರ್ತಿ, ಪವಿತ್ರ, ಉದಯಕುಮಾರ್. ನನ್ ಎಸ್ರು ಇಬ್ರ ಮಧ್ಯಕ್ಕೆ ಬರ್ಬೇಕು."

ಅವನು ಪುಸ್ತಕದಲ್ಲಿ ತಿದ್ದಿ, ನಾನು ಹೇಳಿದ ಹಾಗೆಯೇ ಓದಿದ. ನಾನು ವಾಪಸು ಬಂದು ಊಟಕ್ಕೆ ಕೂತೆ.